ಉರ್ಫ್ ಖಾತುನವ್ವ

ಫೆಬ್ರವರಿ ೨, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮೂವತ್ತಾರು ವರ್ಷ ಗಜೇಂದ್ರಗಡದ ಮಕ್ಕಳಿಗೆ ಅಕ್ಷರ ದುಂಡಗಿರಲಿ ಎಂದು ಬೈದವಳು ನಾನು. ಈಗ ನನ್ನ ಅಕ್ಷರ ನೋಡಿದರೆ ಒಂದನೇ ಇಯತ್ತೆಯ ಹುಡುಗಿಯೂ ನಗುತ್ತಾಳೆ. ಬಲಗೈ ಮೊಣಕೈತನಕ ಪ್ಲಾಸ್ಟರಿನಲ್ಲಿದೆ. ಆರು ವಾರ ಎಂದಿದ್ದಾರೆ ಡಾಕ್ಟರು. ಬರೆಯದೆ ಸುಮ್ಮನಿರು ಅಂದರೆ ನನ್ನಿಂದ ಆಗುವುದಿಲ್ಲ.

ಶುಕ್ರವಾರ ನಳದ ಹತ್ತಿರ ಬಿದ್ದೆ. ಹನ್ನೊಂದು ದಿನದ ಮೇಲೆ ನೀರು ಬಂದಿತ್ತು. ಓಣಿಗೆ ಓಣಿಯೇ ಕೊಡ ಹಿಡಿದು ನಿಂತಿತ್ತು. ಎದುರು ಮನೆಯ ಸೊಸೆ ಪೈಪನ್ನು ನಳಕ್ಕೆ ಸರಿಯಾಗಿ ಕಟ್ಟಿರಲಿಲ್ಲ. ಅದು ಕಳಚಿ ನೀರೆಲ್ಲ ಫರಸಿ ಕಲ್ಲಿನ ಮೇಲೆ ಹರಿಯಿತು. ಬಿಗಿಯಾಗಿ ಕಟ್ಟವ್ವಾ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನೆಲದ ಮೇಲಿದ್ದೆ. ಆ ಮನೆಯವರ ಜೊತೆ ಮಾತು ಬಿಟ್ಟಿದ್ದೇನೆ. ಮೂವತ್ತು ವರ್ಷದ ಎದುರುಬದುರು. ಬಿಡಲು ಒಂದು ಕೊಡ ನೀರು ಸಾಕಾಯಿತು.

ಎಡಗೈಗೆ ರೂಢಿಯಾಗಲೆಂದು ಒಂದು ಪುಟ ತುಂಬ ನನ್ನ ಹೆಸರು ಬರೆದೆ. ಸುಶೀಲಾ, ಸುಶೀಲಾ, ಸುಶೀಲಾ. ಒಂದೂ ಇನ್ನೊಂದರ ಹಾಗಿಲ್ಲ. ಹುಟ್ಟಿದಾಗ ಇಟ್ಟದ್ದು ಸುಶೀಲವ್ವ. ಮ್ಯಾಟ್ರಿಕ್ ಫಾರಂ ತುಂಬುವಾಗ ‘ವ್ವ’ ನಾನೇ ಕಿತ್ತು ಹಾಕಿದೆ, ಹಳ್ಳಿಯವಳು ಅನಿಸಿಕೊಳ್ಳಬಾರದೆಂದು. ತವರು ಶಿರೋಳದಲ್ಲಿ ಅವ್ವ ಬದುಕಿರುವ ತನಕ ಹಾಗೇ ಕೂಗುತ್ತಿದ್ದಳು. ಈಗ ಎಲ್ಲರಿಗೂ ಅಕ್ಕೋರು.

ಸಾಕು. ಬೆರಳು ಸೆಟೆದಿವೆ.

ಫೆಬ್ರವರಿ ೫, ಗುರುವಾರ

ನನ್ನ ಕಿಟಕಿಯ ಕೆಳಗೆ ಖಾದರನ ಚಹಾದಂಗಡಿ. ಅದರ ಮುಂದಿನ ಕಟ್ಟೆಯ ಮೇಲೆ ದುರಗಪ್ಪ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಗಂಟಲು ಮಾತ್ರ ನಿವೃತ್ತವಾಗಿಲ್ಲ. ಬೆಳಿಗ್ಗೆ ಏಳಕ್ಕೆ ಪೇಪರ್ ಹಿಡಿದು ದೆಹಲಿಯಿಂದ ಹೊರಟು, ಬೆಂಗಳೂರಿನಲ್ಲಿ ಅರ್ಧ ತಾಸು ನಿಂತು, ಎಂಟೂವರೆಗೆ ನಮ್ಮ ಗಟಾರಕ್ಕೆ ಬಂದು ಮುಟ್ಟುತ್ತಾನೆ. ಅವನದು ಒಂದು ಪಕ್ಷ, ಖಾದರನದು ಇನ್ನೊಂದು. ದಿನಾ ಜಗಳ, ದಿನಾ ಒಂದೇ ಚಹಾ ಎರಡು ಲೋಟ ಮಾಡಿ ಕುಡಿಯುವುದು. ಹಾಸಿಗೆಯಲ್ಲಿ ಬಿದ್ದುಕೊಂಡ ನನಗೆ ಬೇಕೋ ಬೇಡವೋ ಎಲ್ಲ ಕೇಳಿಸುತ್ತದೆ.

‘ಮಹದಾಯಿ ನೀರ ಈ ಸಲ ಬರೋದು ಖರೇ ಐತಿ ನೋಡು’ ಎಂದ ದುರಗಪ್ಪ.

‘ನನ್ನ ಲಗ್ನ ಆದಾಗಿಂದ ಬರಾಕ ಹತ್ತೇತಿ ಅದು. ಮೊದಲ ನಮ್ಮ ನಳದಾಗ ಬರ್ಲಿ ತಗೋ.’

‘ಮತದಾರರ ಪಟ್ಟಿನೂ ತಿದ್ದಾಕ ಹತ್ಯಾರಂತ. ಚಲೋ ಆತು. ಎಲ್ಲೆಲ್ಲಿಂದಲೋ ಬಂದು ಹೆಸರ ಹಚ್ಚಿದವರನ್ನ ತಗದ ಒಗೀಬೇಕು.’

‘ಯಾರವರು?’

‘ಯಾರೋ. ಪೇಪರ್‌ನಾಗ ಐತಿ.’

ಕಿಟಕಿ ಮುಚ್ಚಿಕೊಂಡೆ. ಮುಚ್ಚಿದರೂ ಎದುರು ಮನೆಯ ರಾಟೆಯ ಕರಕರ ಬಿಡಲಿಲ್ಲ. ಆ ಮನೆಯ ಮುದುಕಿ ಬೇರೆಯವರ ಮಗ್ಗಕ್ಕೆ ದಿನವಿಡೀ ನೂಲಿನ ಕಂಡಿಕೆ ಸುತ್ತಿಕೊಡುತ್ತಾಳೆ. ಬೀಳುವ ಮೊದಲು ಈ ಸದ್ದು ನನಗೆ ಕೇಳಿಸುತ್ತಲೇ ಇರಲಿಲ್ಲ, ಈಗ ತಲೆಯಲ್ಲೇ ತಿರುಗುತ್ತದೆ.

ಫೆಬ್ರವರಿ ೯, ಸೋಮವಾರ

ನೀರು ಬಂತು. ನಾನು ಏಳುವಷ್ಟರಲ್ಲಿ ಬಾಗಿಲ ಮುಂದಿನ ಬ್ಯಾರಲ್ ತುಂಬಿತ್ತು, ಮೇಲೆ ಹಲಗೆಯನ್ನೂ ಮುಚ್ಚಿದ್ದರು. ದುರಗಪ್ಪನ ಹೆಂಡತಿ ದೇವವ್ವ ಇರಬೇಕು. ಆಕೆಗೆ ಒಂದು ಸೀರೆ ಕೊಡಬೇಕು ಯುಗಾದಿಗೆ.

ಅಂಗನವಾಡಿಯ ಶ್ವೇತಾ ಫಾರಂಗಳ ಕಟ್ಟು ಹೊತ್ತು ಬಂದಿದ್ದಳು. ನನ್ನ ವಿದ್ಯಾರ್ಥಿನಿ. ನಮ್ಮ ಓಣಿಯ ಮತದಾರರ ಪಟ್ಟಿಯ ಕೆಲಸ ಈ ಸಲ ಅವಳ ಕುತ್ತಿಗೆಗೆ ಬಿದ್ದಿದೆ. ಇಪ್ಪತ್ತು ವರ್ಷದ ಹಿಂದಿನ ಹಳೆಯ ಪಟ್ಟಿಯಲ್ಲಿ ನಮ್ಮ ಹೆಸರು ಹುಡುಕಿ, ಈಗಿನ ಹೆಸರಿಗೆ ಜೋಡಿಸಬೇಕಂತೆ. ಹೊಂದಿದರೆ ಸರಿ, ಹೊಂದದಿದ್ದರೆ ನೋಟೀಸು. ಅವಳು ‘ವಿಳಾಸ’ವನ್ನು ‘ವಿಲಾಸ’ ಎಂದು ಬರೆದದ್ದನ್ನು ಮೂರು ಕಡೆ ತಿದ್ದಿಸಿದೆ. ‘ಕೈ ಮುರದ್ರೂ ಕೆಂಪ ಪೆನ್ನ ಬಿಡಾಂಗಿಲ್ಲ ನೋಡ್ರಿ ಅಕ್ಕೋರ’ ಎಂದು ನಕ್ಕಳು.

ದುರಗಪ್ಪನ ಹೆಸರು ಹಳೆಯ ಪಟ್ಟಿಯಲ್ಲಿ ‘ದುರ್ಗಪ್ಪ’ ಎಂದಿದೆ. ಕಟ್ಟೆಯ ಮೇಲೇ ಒಂದು ಸಹಿ ಹಾಕಿಸಿಕೊಂಡು ಶ್ವೇತಾ ಸರಿ ಮಾಡಿದಳು. ಅಕ್ಷರದ ತಪ್ಪು ಇದ್ದರೆ ಅವಳೇ ತಿದ್ದಬಹುದಂತೆ. ‘ಒಂದ ಒತ್ತಕ್ಷರದಾಗ ದೇಶ ಬಿಟ್ಟ ಹೊಂಟಿದ್ದೆ’ ಎಂದು ದುರಗಪ್ಪ ಎಲ್ಲರನ್ನೂ ನಗಿಸಿದ.

ಫೆಬ್ರವರಿ ೧೩, ಶುಕ್ರವಾರ

ಎದುರು ಮನೆಯ ಖಾತುನಬಿಗೆ ನೋಟೀಸು ಬಂದಿದೆ.

ಕಟ್ಟೆಯ ಹತ್ತಿರ ಗದ್ದಲ ಕೇಳಿ, ಶಾಲು ಹೊದ್ದು ಕೆಳಗಿಳಿದೆ. ಶ್ವೇತಾ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು. ಈಗಿನ ಕಾರ್ಡಿನಲ್ಲಿ ‘ಖಾತುನಬಿ, ಗಂಡ ಟಿಪ್ಪುಸಾಬ’. ಹಳೆಯ ಪಟ್ಟಿಯಲ್ಲಿ ಅದೇ ಮನೆ ನಂಬರಿಗೆ ‘ಖಾತುನವ್ವ, ಗಂಡ ಟಿಪ್ಪಣ್ಣ’. ಇಬ್ಬರೂ ಒಬ್ಬರೇ ಎಂದು ಮಾರ್ಚ್ ಹತ್ತರಂದು ರೋಣದ ತಹಶೀಲ್ದಾರ್ ಕಚೇರಿಗೆ ಹೋಗಿ ತೋರಿಸಿಕೊಡಬೇಕು, ಇಲ್ಲವಾದರೆ ಹೆಸರು ಹೋಗುತ್ತದೆ. ದುಡಿಯಲು ಪರಊರಿಗೆ ಹೋಗಿರುವ ಮಗನ ಹೆಸರೂ ತಾಯಿಯ ಹೆಸರಿನ ಆಧಾರದ ಮೇಲೆಯೇ ನಿಂತಿದೆ.

‘ನಮ್ಮ ಖಾತುನವ್ವಗ ಯಾಕ ನೋಟೀಸ? ಇಡೀ ಓಣಿ ಆಕೀನ್ನ ಹಂಗ ಕರೀತೈತಲ್ಲ’ ಎಂದ ದುರಗಪ್ಪ.

‘ಓಣಿ ಕರದ್ರ ನಡ್ಯಾಂಗಿಲ್ರಿ ಕಾಕಾ. ಅಕ್ಷರ ತಪ್ಪಿದ್ರ ನಾ ತಿದ್ದತಿದ್ದೆ, ಇದು ಹೆಸರ ಬ್ಯಾರೆ ಐತಿ.’

‘ಎಲ್ಲೆಲ್ಲಿಂದಲೋ ಬಂದವರನ್ನ ತಗೀಬೇಕು ಅಂದಿದ್ದಿಲ್ಲ?’ ಎಂದ ಖಾದರ, ಲೋಟ ತೊಳೆಯುತ್ತ.

‘ಅದು ಅಲ್ಲಿ ಮಾತು, ಮಾರಾಯ. ನಮ್ಮ ಓಣಿ ಮಾತಲ್ಲ.’ ದುರಗಪ್ಪ ಪೇಪರ್ ಮಡಚಿ ಬಗಲಲ್ಲಿ ಇಟ್ಟುಕೊಂಡ. ಇವತ್ತು ಬೆಂಗಳೂರಿಗೂ ಹೋಗಲಿಲ್ಲ.

ಖಾತುನಬಿ ತನ್ನ ಹೊಸ್ತಿಲಲ್ಲೇ ನಿಂತಿದ್ದಳು, ಕೈಯಲ್ಲಿ ಅರ್ಧ ಸುತ್ತಿದ ಕಂಡಿಕೆ. ನಾನು ಆಕೆಯ ಕಡೆ ನೋಡದೆ ಶ್ವೇತಾಗೆ ಜೋರಾಗಿ ಹೇಳಿದೆ: ‘ಯಾವ ಬೇಜವಾಬ್ದಾರಿ ಮನಷ್ಯಾ ಬರದಾನ ಇದನ್ನ? ಮನಿಗೆ ಹೋಗಿ ರೇಶನ್ ಕಾರ್ಡ್ ಕೇಳಿ ಬರೀಬೇಕು ಅನ್ನೋ ಬುದ್ಧಿ ಬ್ಯಾಡ? ಇಂಥವರಿಗೆ ಯಾರು ನೌಕರಿ ಕೊಟ್ರು?’

ಎಲ್ಲರೂ ತಲೆಯಾಡಿಸಿದರು. ಖಾತುನಬಿ ಮಾತ್ರ ನನ್ನನ್ನೇ ನೋಡುತ್ತಿದ್ದಳು, ಆಮೇಲೆ ಒಳಗೆ ಹೋದಳು. ಕೈ ಮುರಿದವಳನ್ನು ಹೇಗಿದೆ ಎಂದು ಒಂದು ಮಾತು ಕೇಳಲಿಲ್ಲವೆಂದು ನನಗೆ ಸಿಟ್ಟು ಬಂತು.

ಫೆಬ್ರವರಿ ೧೪, ಶನಿವಾರ

ಆ ಬೇಜವಾಬ್ದಾರಿ ಮನುಷ್ಯ ನಾನೇ.

ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಯಿತು. ಹಳೆಯ ಪಟ್ಟಿ ಎಂದರೆ ಯಾವ ವರ್ಷದ್ದು? ಆ ವರ್ಷ ನಮ್ಮ ಓಣಿಯಲ್ಲಿ ಮನೆಮನೆಗೆ ಹೋಗಿ ಮತದಾರರ ಎಣಿಕೆ ಮಾಡಿದವರು ಯಾರು? ದೇವವ್ವಳನ್ನು ಕರೆದು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ನಾನು ಏನನ್ನೂ ಒಗೆಯುವವಳಲ್ಲ. ಅಂದಿನ ಎಣಿಕೆಯ ಕಚ್ಚಾ ಪುಸ್ತಕ ಸಿಕ್ಕಿತು, ನೀಲಿ ರಟ್ಟಿನದು.

ಪ್ರತಿ ಮನೆಯ ಮುಂದೆ ‘ರೇ. ಕಾ. ನೋಡಿದೆ’ ಎಂದು ಬರೆದಿದ್ದೇನೆ. ದುರಗಪ್ಪನ ಮನೆಗೆ, ಖಾದರನ ಮನೆಗೆ, ಹೆಸರೇ ಗೊತ್ತಿಲ್ಲದ ಬಾಡಿಗೆಯವರಿಗೆ ಎಲ್ಲ. ಒಂದೇ ಮನೆಗೆ ಇಲ್ಲ. ಅಲ್ಲಿ ಚಹಾ ಬಿದ್ದ ಕಲೆ ಇದೆ. ‘ಖಾತುನವ್ವ, ಗಂಡ ಟಿಪ್ಪಣ್ಣ’. ಮುತ್ತಿನಂಥ ಅಕ್ಷರ.

ಅವತ್ತು ಬಿಸಿಲಿತ್ತು. ಓಣಿಯೆಲ್ಲ ತಿರುಗಿ ಕಡೆಗೆ ಆ ಮನೆಗೆ ಬಂದು ಕೂತಿದ್ದೆ. ಆಕೆಯ ಗಂಡ ಮಗ್ಗದಿಂದ ಎದ್ದು ಬಂದು, ‘ಮೊದಲ ಚಹಾ ಕುಡೀರಿ, ಬರಿಯೂದು ಇದ್ದ ಐತಿ’ ಎಂದಿದ್ದ. ಗೊತ್ತಿದ್ದವರ ಹತ್ತಿರ ಕಾರ್ಡು ಕೇಳುವುದೇನು ಎಂದು ಬಾಯಿಗೆ ಬಂದದ್ದನ್ನೇ ಬರೆದಿದ್ದೇನೆ.

ಪುಸ್ತಕವನ್ನು ಟ್ರಂಕಿನಲ್ಲೇ ಇಟ್ಟೆ. ದೇವವ್ವ ‘ಏನ್ರಿ ಅದು’ ಎಂದಳು. ಹಳೆಯ ಹಾಜರಿ ಎಂದೆ.

ಫೆಬ್ರವರಿ ೧೫

ಕೈ ನೋಯುತ್ತದೆ. ಇವತ್ತು ಬರೆಯುವುದಿಲ್ಲ.

ಫೆಬ್ರವರಿ ೨೦, ಶುಕ್ರವಾರ

ನಿನ್ನೆಯಿಂದ ರೋಜಾ ಶುರುವಾಗಿದೆ. ಇವತ್ತು ನೀರು ಬಂತು, ಬ್ಯಾರಲ್ ತುಂಬಿತ್ತು. ದೇವವ್ವಳಿಗೆ ಉಪಕಾರ ಹೇಳಿದರೆ ಆಕೆ ಬೆಪ್ಪಾದಳು.

‘ನಾ ಅಲ್ರಿ. ಎದುರ ಮನಿ ನಿಲೋಫರ ಅಲ್ಲೇನು, ಅತ್ತಿ ಹೇಳ್ಯಾಳ ಅಂತ ಮೊದಲ ನಿಮ್ಮ ಬ್ಯಾರಲ್ ತುಂಬಿ ಆಮ್ಯಾಲೆ ತಮ್ಮದು ತುಂಬ್ತಾಳ. ನಿಮಗ ಗೊತ್ತಿಲ್ಲೇನ್ರಿ?’

ಗೊತ್ತಿರಲಿಲ್ಲ. ಅವರ ಪೈಪಿನಿಂದ ಬಿದ್ದವಳಿಗೆ ಅವರು ತುಂಬಿಸುವುದು ನ್ಯಾಯವೇ ಎಂದುಕೊಂಡೆ. ಅದೇ ನೀರಿನಲ್ಲಿ ಅನ್ನಕ್ಕೆ ಇಟ್ಟೆ. ಅನ್ನ ರುಚಿಸಲಿಲ್ಲ.

ಕಟ್ಟೆಯ ಮೇಲೆ ಏನೇನೋ ಸುದ್ದಿ. ಹೆಸರು ಹೋದವರಿಗೆ ರೇಶನ್ ನಿಲ್ಲುತ್ತದಂತೆ. ಹೊಳೆಮಣ್ಣೂರಿನಲ್ಲಿ ಯಾರಿಗೋ ಹೊಳೆಯ ನೀರು ಮನೆಗೆ ಹೊಕ್ಕು ಕಾಗದವೆಲ್ಲ ಹೋಗಿವೆಯಂತೆ, ಅವರು ಏನು ತೋರಿಸಬೇಕೋ. ದುರಗಪ್ಪ ‘ಹಂಗೇನ ಆಗಾಂಗಿಲ್ಲ’ ಎನ್ನುತ್ತಾನೆ, ಆದರೆ ಯಾರು ಹೇಳಿದರು ಎಂದರೆ ಪೇಪರ್ ಹುಡುಕುತ್ತಾನೆ. ಖಾದರ ಅಂಗಡಿಯ ಮುಂದೆ ಪರದೆ ಇಳಿಬಿಟ್ಟಿದ್ದಾನೆ. ತಾನು ಉಪವಾಸವಿದ್ದು ಇವನಿಗೆ ಚಹಾ ಕಾಸುತ್ತಾನೆ. ದುರಗಪ್ಪನೂ ಅರ್ಧ ಲೋಟದಲ್ಲೇ ಎದ್ದು ಹೋಗುತ್ತಾನೆ. ಜಗಳವೂ ಇಲ್ಲ. ಕಿಟಕಿ ತೆರೆದು ಕೂತರೂ ಹೊತ್ತು ಹೋಗದು.

ಪುಸ್ತಕದ ಸಂಗತಿ ಯಾರಿಗೂ ಹೇಳಿಲ್ಲ. ಹೇಳಬೇಕೆಂದೇನು? ಇಪ್ಪತ್ತು ವರ್ಷದ ಮಾತು. ಬರೆದವರು ಯಾರೆಂದು ಯಾರೂ ಕೇಳಿಲ್ಲ. ಕೇಳಿದರೆ ಹೇಳಿದರಾಯಿತು.

ಫೆಬ್ರವರಿ ೨೬, ಗುರುವಾರ

ಮಧ್ಯಾಹ್ನ ನಿಲೋಫರ ಬಾಗಿಲಲ್ಲಿ ನಿಂತಳು. ಕಣ್ಣು ಮೇಲೆತ್ತದೆ, ‘ಅಕ್ಕೋರ, ಅತ್ತಿ ನೋಟೀಸ ಓದಸ್ಕೊಂಡ ಬಾ ಅಂದಾರ್ರಿ. ನಂಗೂ ಪೂರಾ ತಿಳೀವಲ್ದು’ ಎಂದಳು. ಪೈಪಿನ ವಿಷಯಕ್ಕೆ ನಾಲ್ಕು ಮಾತು ಅನ್ನಬೇಕೆಂದು ಒಂದು ತಿಂಗಳಿಂದ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಆ ಹುಡುಗಿ ಕಾಗದವನ್ನು ಮಡಚಿ ಮಡಚಿ ಬಿಚ್ಚುತ್ತಿದ್ದಳು. ನಡಿ, ಅಲ್ಲೇ ಬಂದು ಓದುತ್ತೇನೆ ಎಂದೆ.

ಆ ಮನೆಯೊಳಗೆ ಕಾಲಿಟ್ಟು ಒಂದು ತಿಂಗಳಾಗಿತ್ತು. ಮಗ್ಗದ ಕುಣಿಯ ಮೇಲೆ ಹಲಗೆ ಹಾಸಿ ಹಾಸಿಗೆ ಮಡಚಿಟ್ಟಿದ್ದಾರೆ. ಖಾತುನವ್ವ ರಾಟೆ ನಿಲ್ಲಿಸಿ, ‘ಕೈ ಹ್ಯಾಂಗೈತ್ರಿ ಅಕ್ಕೋರ’ ಎಂದಳು. ಬಾಯಿ ಒಣಗಿತ್ತು, ರೋಜಾ. ನಾನು ನೋಟೀಸು ಓದಿ ತಿಳಿಸಿದೆ. ಹಳೆಯ ಹೆಸರು ತಪ್ಪು ಎಂದು ಬರೆದುಕೊಟ್ಟರೆ ಆದೀತು ಎಂದೆ.

‘ಅದ ನನಗ ಆಗವಲ್ದು ನೋಡ್ರಿ’ ಎಂದಳು. ‘ಪಗಾರ ಬಂದ್ ಆಗ್ತೈತಿ, ರೇಶನ್ ಬಂದ್ ಆಗ್ತೈತಿ ಅಂತ ಎಲ್ಲಾರೂ ಅಂಜಸ್ತಾರ. ಅಂಜಿಕಿ ಐತ್ರಿ ನನಗೂ. ಆದ್ರ ಟಿಪ್ಪಣ್ಣನ ಹೇಣ್ತಿ ನಾ ಅಲ್ಲ ಅಂತ ಯಾವ ಬಾಯಿಲೆ ಹೇಳಲಿ? ಅವರು ಹೋದಾಗ ಹೆಗಲ ಕೊಡಾಕ ಬಂದವರು ಎಲ್ಲಾ ಟಿಪ್ಪಣ್ಣ ಹೋದ ಅಂತನ ಅತ್ತರಲ್ಲ.’

ತನ್ನ ವಿಧವಾ ವೇತನಕ್ಕೆ ಅವಳು ಪಗಾರ ಎನ್ನುತ್ತಾಳೆ. ನಾನು ತಿದ್ದಲಿಲ್ಲ.

ಹೇಳಬೇಕೆಂದೇ ಹೋಗಿದ್ದೆ. ಹೊರಡುವಾಗ ಬಾಗಿಲ ಹತ್ತಿರ ನಿಂತೆ ಕೂಡ. ‘ಏನರ ಹೇಳೋದಿತ್ತೇನ್ರಿ’ ಎಂದಳು. ‘ಪೈಪ್ ಗಟ್ಟಿ ಕಟ್ಟಾಕ ಹೇಳ್ರಿ ಸೊಸಿಗೆ’ ಎಂದು ಬಂದುಬಿಟ್ಟೆ. ನನ್ನ ನಾಲಿಗೆಗೆ ನಾನೇ ಹೊಡೆದುಕೊಳ್ಳಬೇಕು. ಮಕ್ಕಳು ತಪ್ಪು ಒಪ್ಪಿಕೊಳ್ಳದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನನ್ನನ್ನು ನಿಲ್ಲಿಸುವವರಿಲ್ಲ.

ಮಾರ್ಚ್ ೨, ಸೋಮವಾರ

ಹೇಳಿದೆ.

ನೀರು ಬಂದ ದಿನ. ಎಲ್ಲರೂ ನಳದ ಹತ್ತಿರ ಇದ್ದರು. ಕೊಡ ಹಿಡಿಯಲು ಬರದಿದ್ದರೂ ನಾನೂ ಇಳಿದು ಹೋದೆ. ದುರಗಪ್ಪ, ‘ಅವತ್ತ ಬರದಾವ ಯಾರಂತ ಹುಡುಕಿ ರೋಣಕ್ಕ ಎಳಕೊಂಡ ಹೋಗೂನು. ಅವನ ಬಾಯಿಲೆ ಹೇಳಸೂನು’ ಎನ್ನುತ್ತಿದ್ದ. ಶ್ವೇತಾ ಕೂಡ ಇದ್ದಳು, ‘ಬರದವರು ಬಂದು ಹೇಳಿಕೆ ಕೊಟ್ರ ಭಾಳ ಸರಳ ಆಗ್ತೈತ್ರಿ’ ಎಂದಳು.

‘ಎಳೀಬ್ಯಾಡ, ನಾನ ಬರ್ತೀನಿ’ ಎಂದೆ.

ಯಾರಿಗೂ ತಿಳಿಯಲಿಲ್ಲ. ನೀಲಿ ಪುಸ್ತಕ ತೋರಿಸಿದೆ. ದುರಗಪ್ಪ ಅದನ್ನು ದೂರ ಹಿಡಿದು ಓದಿ, ‘ಅಕ್ಷರ ಮಾತ್ರ ಭಾರಿ ಚಂದ ಅದಾವ್ರಿ’ ಎಂದ. ಯಾರೋ ನಕ್ಕರು. ಶ್ವೇತಾ ನೆಲ ನೋಡಿದಳು. ನನಗೆ ಮುಖವೆಲ್ಲ ಬಿಸಿಯಾಯಿತು. ಕೊಡಗಳು ತುಂಬಿ ಹರಿಯುತ್ತಿದ್ದರೂ ಯಾರೂ ನಳ ತಿರುವಲಿಲ್ಲ.

ನಿಲೋಫರ ನನ್ನ ಬ್ಯಾರಲ್ ತುಂಬಿಸುತ್ತಿದ್ದವಳು, ಒಂದು ಕ್ಷಣ ನಿಂತು ಮತ್ತೆ ತುಂಬಿಸಿದಳು. ಖಾತುನವ್ವ ಹೊರಗೆ ಬರಲಿಲ್ಲ. ಸಂಜೆತನಕ ರಾಟೆಯ ಸದ್ದೂ ಇಲ್ಲ. ಕಿವಿಗೊಟ್ಟು ಕೂತಿದ್ದೆ. ರೋಜಾ ಬಿಡುವ ಹೊತ್ತಿಗೆ ಒಂದು ತಟ್ಟೆಯಲ್ಲಿ ಖರ್ಜೂರ ಮತ್ತು ಬಾಳೆಹಣ್ಣು ಕಳಿಸಿದಳು. ತಟ್ಟೆ ಖಾಲಿ ಕಳಿಸಬಾರದೆಂದು ಬೆಲ್ಲ ಹಾಕಿ ಕಳಿಸಿದೆ. ಸಿಟ್ಟಾಗಿದ್ದಾಳೋ ಇಲ್ಲವೋ ತಿಳಿಯುವುದಿಲ್ಲ.

ಮಾರ್ಚ್ ೧೦, ಮಂಗಳವಾರ

ಮೈಯೆಲ್ಲ ನುಗ್ಗಾಗಿದೆ. ಆದರೂ ಇವತ್ತಿನದು ಇವತ್ತೇ ಬರೆಯಬೇಕು.

ಬೆಳಿಗ್ಗೆ ಎಂಟರ ಬಸ್ಸಿಗೆ ಖಾತುನವ್ವ, ನಾನು, ದುರಗಪ್ಪ ಹೊರಟೆವು. ನಮಗಿಬ್ಬರಿಗೆ ಆಧಾರ್ ತೋರಿಸಿ ಪುಕ್ಕಟೆ ಚೀಟಿ. ಅವಳ ಕಾರ್ಡು ನೋಡಿ ಕಂಡಕ್ಟರ್ ಏನೂ ಕೇಳಲಿಲ್ಲ, ಹರಿದು ಕೊಟ್ಟ. ದುರಗಪ್ಪ ರೊಕ್ಕ ಕೊಟ್ಟು ಚೀಟಿ ತೆಗೆದುಕೊಂಡು, ‘ಮೂವತ್ತ ವರ್ಷ ಹರದ ಕೊಟ್ಟಾವ ಇವತ್ತ ಹರಸ್ಕೊಂಡೆ’ ಎಂದು ಗೊಣಗಿದ. ಖಾದರ ಅಂಗಡಿ ಬಿಟ್ಟು ಬರಲಾಗಲಿಲ್ಲ, ಬಸ್‌ಸ್ಟ್ಯಾಂಡಿನ ತನಕ ಬಂದು ನನ್ನ ಚೀಲ ಮೇಲಿಟ್ಟು ಹೋದ. ದಾರಿಯಲ್ಲಿ ಖಾತುನವ್ವ ಕಣ್ಣು ಮುಚ್ಚಿ ಕೂತಿದ್ದಳು. ಬಲಗಡೆ ಕೂತವಳು ಬಸ್ಸು ಕುಣಿದಾಗೆಲ್ಲ ನನ್ನ ಪ್ಲಾಸ್ಟರ್ ಮುಂದಿನ ಸೀಟಿನ ಕಂಬಿಗೆ ಬಡಿಯದಂತೆ ತನ್ನ ಸೆರಗಿನ ಗಂಟು ಅಡ್ಡ ಇಡುತ್ತಿದ್ದಳು.

ರೋಣದಲ್ಲಿ ಸಾಲು ಬೇವಿನ ಮರದ ತನಕ ಬಂದಿತ್ತು. ಯಾವಗಲ್‌ನಿಂದ ಟ್ರ್ಯಾಕ್ಟರಿನಲ್ಲೇ ಒಂದು ಹಿಂಡು ಜನ ಬಂದಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲ, ಅದರೊಳಗೆ ಜೆರಾಕ್ಸು. ಒಬ್ಬ ಗಂಗವ್ವ ಹಳೆಯ ಪಟ್ಟಿಯಲ್ಲಿ ಗಂಗಪ್ಪನಾಗಿದ್ದಾಳೆ. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ದುರಗಪ್ಪ ಸಾಲಿನಲ್ಲಿ ಯಾರ ಜೊತೆಗೋ ದೆಹಲಿಯ ಮಾತು ಶುರು ಮಾಡಿದ, ಅರ್ಧಕ್ಕೇ ಬಿಟ್ಟು, ‘ನಮ್ಮ ಓಣಿಯವರದು ಒಂದ ನೋಟೀಸ್ ಐತಿ, ಅದಕ್ಕ ಬಂದೀವಿ’ ಎಂದ. ಮಧ್ಯಾಹ್ನ ಒಂದರ ತನಕ ಬಿಸಿಲಿನಲ್ಲಿ ನಿಂತೆವು. ನನ್ನ ನೀರಿನ ಬಾಟಲಿ ಚೀಲದಲ್ಲೇ ಇತ್ತು, ಮನೆಗೆ ಬಂದ ಮೇಲೆ ನೋಡಿದೆ, ಮುಚ್ಚಳವನ್ನೂ ತೆಗೆದಿಲ್ಲ.

ಒಳಗಿದ್ದ ಸಾಹೇಬರು ಚಿಕ್ಕ ವಯಸ್ಸಿನವರು. ಬೆಳಗಿನಿಂದ ಅದೇ ಪ್ರಶ್ನೆ ಕೇಳಿ ಗಂಟಲು ಕಟ್ಟಿತ್ತು.

‘ಖಾತುನಬಿ ಅಂದ್ರ ನೀವೇನ್ರಿ? ಮತ್ತ ಈ ಖಾತುನವ್ವ ಯಾರು?’

‘ಆಕೀನೂ ನಾನರೀ.’

‘ಹಳೇದು ತಪ್ಪ ಬಿದ್ದೈತಿ ಅಂತ ಬರದ ಕೊಡ್ರಿ.’

ಖಾತುನವ್ವ ಆಗದೆಂದು ತಲೆಯಾಡಿಸಿದಳು. ನಾನು ಮುಂದೆ ಹೋಗಿ ಕಚ್ಚಾ ಪುಸ್ತಕ ಇಟ್ಟು, ಬರೆದವಳು ನಾನು ಎಂದೆ. ಸಾಹೇಬರು ಪುಟ ತಿರುವಿ, ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಬಿಳಿ ಹಾಳೆ ಕೊಟ್ಟರು. ಎಡಗೈಯಲ್ಲಿ ಬರೆಯತೊಡಗಿದರೆ ಹಾಳೆ ಸರಿಯುತ್ತದೆ, ಹಿಡಿಯಲು ಇನ್ನೊಂದು ಕೈ ಇಲ್ಲ. ಖಾತುನವ್ವ ಬಂದು ತನ್ನ ಎರಡೂ ಅಂಗೈ ಹಾಳೆಯ ಮೇಲೆ ಊರಿದಳು. ನೂಲು ಹರಿದು ಗೆರೆ ಬಿದ್ದ ಬೆರಳು. ಆ ಬೆರಳುಗಳ ನಡುವಿನ ಜಾಗದಲ್ಲಿ ಬರೆದೆ: ಅಂದು ಎಣಿಕೆ ಮಾಡಿದವಳು ನಾನು. ಕಾರ್ಡು ನೋಡದೆ ಬರೆದೆ. ತಪ್ಪು ನನ್ನದು.

‘ಓದ್ರಿ’ ಎಂದಳು. ಓದಿದೆ.

‘ತಪ್ಪ ಅಂತ ಯಾಕ ಬರದ್ರಿ?’

‘ಮತ್ತೇನ ಬರೀಲಿ? ತಪ್ಪ ಅಲ್ಲೇನು?’

‘ನೀವು ಕಾರ್ಡ ನೋಡ್ಲಿಲ್ಲ, ಅದು ತಪ್ಪ ಇದ್ದೀತು. ಹೆಸರ ತಪ್ಪಲ್ರಿ. ಹೆಸರ ನಂದ ಐತಿ. ಅದನ್ನ ಹೊಡದ ಹಾಕ್ರಿ.’

ನನ್ನ ನೌಕರಿಯಲ್ಲಿ ಎಷ್ಟು ಸಾವಿರ ಸಲ ಆ ಶಬ್ದ ಬರೆದಿದ್ದೇನೋ, ಒಮ್ಮೆಯೂ ಹೊಡೆದು ಹಾಕಿರಲಿಲ್ಲ. ಹೊಡೆದು ಹಾಕಿ, ‘ಓಣಿಯ ಜನರು ಕರೆಯುವ ಹೆಸರನ್ನು ಬರೆದಿದ್ದೇನೆ, ಅದೂ ಇವರ ಹೆಸರೇ’ ಎಂದು ಬರೆದೆ. ಸಹಿ ಹಾಕಿದೆ.

ಸಾಹೇಬರು ಸಹಿಯನ್ನು ನನ್ನ ಪ್ಯಾನ್ ಕಾರ್ಡಿನ ಪಕ್ಕ ಇಟ್ಟು ನೋಡಿದರು. ನಾನೂ ನೋಡಿದೆ. ಕಾರ್ಡಿನಲ್ಲಿ ನನ್ನ ದುಂಡು ಸಹಿ, ಹಾಳೆಯಲ್ಲಿ ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಹೋದಂಥ ಗೀರು.

‘ಅಕ್ಕೋರ, ಇದು ಹೊಂದಾಂಗಿಲ್ಲಲ್ರಿ. ಇವರ ಗುರತ ಹೇಳಾಕ ನೀವು ಬಂದೀರಿ. ನಿಮ್ಮ ಗುರತ ಹೇಳೋರು ಯಾರು?’

ಪ್ಲಾಸ್ಟರ್ ಎತ್ತಿ ತೋರಿಸಬಹುದಿತ್ತು, ಅದು ಹೊಳೆಯಲಿಲ್ಲ. ನಾನು ನಾನೇ ಎಂದು ಹೇಗೆ ಹೇಳುವುದು? ಖರೇ ಹೇಳುತ್ತೇನೆ, ಆ ಕ್ಷಣ ನನಗಾದ ಅಂಜಿಕೆಯನ್ನೇ ಅವಳು ಇಪ್ಪತ್ತೈದು ದಿನದಿಂದ ಹೊತ್ತುಕೊಂಡು ಕಂಡಿಕೆ ಸುತ್ತಿದ್ದಾಳೆ.

‘ನಾ ಹೇಳ್ತೀನ್ರಿ ಸಾಹೇಬ್ರ’ ಎಂದಳು ಖಾತುನವ್ವ.

‘ನೀವಾ? ನಿಮ್ಮದ ಇನ್ನೂ ಫೈಸಲ್ ಆಗಿಲ್ಲಲ್ರೀ ಯಮ್ಮಾ.’

‘ನಂದು ಆದಾಗ ಆಗ್ಲಿ. ಇವರು ನಮ್ಮ ಓಣಿ ಅಕ್ಕೋರು. ನಳದ ಹಂತ್ಯಾಕ ಜಾರಿ ಕೈ ಮುರಕೊಂಡಾರ. ನಮ್ಮ ಪೈಪಿನ ನೀರಾಗ ಬಿದ್ದಾರ. ನನ್ನ ಸೊಸಿ ಸಡಲ ಕಟ್ಟಿದ್ಲು. ಅದು ತಪ್ಪ ನೋಡ್ರಿ, ಬರಕೋರಿ ಬೇಕಾದ್ರ.’

ಹಿಂದೆ ನಿಂತಿದ್ದ ದುರಗಪ್ಪ ಕೆಮ್ಮಿದ. ಸಾಹೇಬರು ಪೆನ್ನು ಕೆಳಗಿಟ್ಟು, ಎರಡೂ ಕೈಯಿಂದ ಮುಖ ಒರೆಸಿಕೊಂಡು ನಕ್ಕರು. ನಗುವಾಗ ಇನ್ನೂ ಚಿಕ್ಕ ಹುಡುಗನಂತೆ ಕಂಡರು. ದುರಗಪ್ಪನ ಸಹಿ, ಖಾತುನವ್ವಳ ಹೆಬ್ಬೆಟ್ಟು, ನನ್ನ ಗೀರು, ಅದರ ಕೆಳಗೆ ನನ್ನ ಎಡಗೈ ಹೆಬ್ಬೆಟ್ಟು ಎಲ್ಲ ತೆಗೆದುಕೊಂಡರು. ಆಮೇಲೆ ಬರೆದದ್ದನ್ನು ಓದಿ ಹೇಳಿದರು: ‘ಖಾತುನಬಿ ಉರ್ಫ್ ಖಾತುನವ್ವ, ಗಂಡ ಟಿಪ್ಪುಸಾಬ ಉರ್ಫ್ ಟಿಪ್ಪಣ್ಣ. ಹೆಸರು ಉಳಿಸಲಾಗಿದೆ. ಸರಿ ಐತಿ?’

‘ಇನ್ನೊಮ್ಮೆ ಓದ್ರಿ’ ಎಂದಳು. ಅವರು ಇನ್ನೊಮ್ಮೆ ಓದಿದರು, ಹೊರಗೆ ಅಷ್ಟು ಸಾಲಿದ್ದರೂ.

ಬಸ್ಸಿನಲ್ಲಿ ಬರುವಾಗ ನಾನೇ ಕೇಳಿದೆ, ನಾನು ಬರೆದದ್ದು ನಿಮಗೆ ಯಾವಾಗ ತಿಳಿಯಿತು ಎಂದು.

‘ಮೊದಲ ದಿನಾನ. ಚಹಾ ಚೆಲ್ಲಿದ್ದು ನಾನಲ್ಲ? ನಿಮ್ಮ ಬುಕ್ಕಿನ ಮ್ಯಾಲೆ ಬಿತ್ತಂತ ಎಷ್ಟ ಹಳಹಳಿ ಆಗಿತ್ತು.’

‘ಮತ್ತ ಕಟ್ಟಿ ಮ್ಯಾಲೆ ನಾ ಅಷ್ಟ ಒದರಿದಾಗ ಯಾಕ ಸುಮ್ಮನಿದ್ರಿ?’

‘ಅಷ್ಟ ಮಂದ್ಯಾಗ ಹ್ಯಾಂಗ ಹೇಳ್ಲಿರಿ? ನೀವು ಅಕ್ಕೋರು.’

ನನಗೆ ಅಳು ಬಂತು. ಕಿಟಕಿಯ ಧೂಳೆಂದೆ. ಅವಳು ಮಾತು ತಿರುಗಿಸಲೆಂದು, ನಿಮಗ ಮನ್ಯಾಗ ಏನಂತ ಕರೀತಿದ್ರು ಎಂದು ಕೇಳಿದಳು. ನನ್ನ ಹೆಸರಿಗೂ ಒಂದು ‘ವ್ವ’ ಇತ್ತು, ಮ್ಯಾಟ್ರಿಕ್ ಫಾರಂನಲ್ಲಿ ನಾನೇ ತೆಗೆದೆ ಎಂದೆ. ‘ಅಯ್ಯ, ಯಾಕ್ರಿ?’ ಎಂದಳು. ಉತ್ತರ ಹುಡುಕುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.

ಮಾರ್ಚ್ ೧೪, ಶನಿವಾರ

ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಕೈ ಬೆಳ್ಳಗೆ, ಸಪೂರವಾಗಿ, ಬೇರೆ ಯಾರದೋ ಅನಿಸುತ್ತದೆ. ಇದನ್ನು ಬಲಗೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಎಡಗೈಯದಕ್ಕಿಂತ ಚೆನ್ನಾಗೇನೂ ಇಲ್ಲ. ಹಳೆಯ ಸಹಿ ಬರಲು ತಿಂಗಳುಗಳೇ ಬೇಕಾಗಬಹುದು ಎಂದರು ಡಾಕ್ಟರು. ಬರದೆಯೂ ಇರಬಹುದಂತೆ.

ಕಟ್ಟೆಯ ಮೇಲೆ ಮತ್ತೆ ದೆಹಲಿ ಶುರುವಾಗಿದೆ. ಪೆಟ್ರೋಲ್ ಏರುತ್ತದೆ ಎಂದು ದುರಗಪ್ಪ, ಅದಕ್ಕೆ ಕಾರಣ ನಿಮ್ಮವರೇ ಎಂದು ಖಾದರ. ಬೆಂಗಳೂರು ಮುಟ್ಟುವಷ್ಟರಲ್ಲಿ ನಾನೂ ಕಿಟಕಿಯಿಂದ ಎರಡು ಮಾತು ಸೇರಿಸಿದೆ. ಆ ಗಂಗವ್ವಳದು ಏನಾಯಿತೋ ಎಂದು ಕೇಳಿದೆ. ಯಾರಿಗೂ ಗೊತ್ತಿಲ್ಲ. ಶ್ವೇತಾ ಬಂದರೆ ಕೇಳಬೇಕು. ಅವಳ ಹತ್ತಿರ ಇನ್ನೂ ಒಂಬತ್ತು ನೋಟೀಸುಗಳಿವೆ, ಬರೆದುಕೊಡಲು ಬರುತ್ತೀರಾ ಎಂದು ಫೋನು ಮಾಡಿದ್ದಳು. ಕೈ ಇಲ್ಲವಲ್ಲ ಎಂದೆ. ನಾಳೆ ಹತ್ತಕ್ಕೆ ಹೋಗಬೇಕು.

ಸಂಜೆ ಮಲಗಿದ್ದೆ. ಹೊರಗಿನಿಂದ ಯಾರೋ ಕೂಗಿದರು. ಅರೆ ನಿದ್ದೆಯಲ್ಲಿ ಶಿರೋಳದ ಮನೆ ಎಂದುಕೊಂಡೆ, ಅವ್ವ ಹಿತ್ತಲಿನಿಂದ ಕರೆಯುತ್ತಿದ್ದಾಳೆ ಎಂದುಕೊಂಡೆ. ಎದ್ದು ಕೂತೆ. ಮತ್ತೆ ಕೂಗು, ಎದುರು ಮನೆಯ ಹೊಸ್ತಿಲಿನಿಂದ.

‘ಸುಶೀಲವ್ವಾ! ಏ ಸುಶೀಲವ್ವಾ! ನೀರ ಬಂತು, ಏಳ್ರಿ!’

ಆ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಓ ಎಂದೆ.